ಹಲಸಿನ ಮರ, ಬ್ಯಾಂಡ್‌ಸಾ ಬ್ಲೇಡ್ ಮತ್ತು ಒಂದು ಕುಪ್ಪಿ ತೆಂಗಿನೆಣ್ಣೆ

ಹೋದ ತಿಂಗಳು ಹೆಬ್ರಿ ಕಡೆ ಒಂದು ತೋಟದಲ್ಲಿ ಹಲಸಿನ ಮರವನ್ನು ಹಲಗೆಗಳಾಗಿ ಕೊಯ್ದು ಸೈಜು ಮಾಡುವ ಕೆಲಸ ಇತ್ತು. ಗಾಳಿಗೆ ಬಿದ್ದ ಮರ. ದಾರಂದಕ್ಕೂ ಬಾಗಿಲಿಗೂ ಬೇಕು ಅಂದಿದ್ದರು ಮನೆಯವರು. ಪಟ್ಟಿಯಂಥ ಬ್ಲೇಡ್ ಚಕ್ರಗಳ ಮೇಲೆ ಸುತ್ತುತ್ತಾ ಮರ ಕೊಯ್ಯುವ ನಮ್ಮ ಬ್ಯಾಂಡ್‌ಸಾ ಮಿಲ್ಲನ್ನು ಪಿಕಪ್ ಹಿಂದೆ ಕಟ್ಟಿಕೊಂಡು ಹೋಗಿ ತೋಟದಲ್ಲೇ ನಿಲ್ಲಿಸಿದೆವು. ಮೊದಲ ಮೂರು ಹಲಗೆ ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಶಬ್ದವೇ ಬದಲಾಯಿತು. "ಅಣ್ಣ, ಬ್ಲೇಡ್ ಮೇಲೆ ಹತ್ತುತ್ತಾ ಉಂಟು" ಅಂತ ಜೊತೆಗಿದ್ದ ಹುಡುಗ ಕೂಗಿದ. ನಿಲ್ಲಿಸಿ ಅಳೆದರೆ ಒಂದಿಂಚಿನ ಹಲಗೆ ನಡುವಿನಲ್ಲಿ ಮುಕ್ಕಾಲಿಂಚು.

ಬ್ಲೇಡ್ ಬಿಚ್ಚಿ ನೋಡಿದೆ. ಹಲ್ಲುಗಳ ಹಿಂದೆ ಎರಡೂ ಮೈಯಲ್ಲಿ ಹಳದಿ ಹುಡಿ ಹಲಸಿನ ಅಂಟು ಮೇಣದ ಜೊತೆ ಸೇರಿ, ತಳ ಹಿಡಿದ ಬೆಲ್ಲದ ಪಾಕದ ಹಾಗೆ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಉಗುರಿನಲ್ಲಿ ಕೆರೆದರೆ ಏಳಲಿಲ್ಲ. ಹಲ್ಲು ಮಾತ್ರ ಹರಿತವಾಗಿಯೇ ಇತ್ತು. ಅಂದರೆ ತಪ್ಪು ಹಲ್ಲಿನದ್ದಲ್ಲ.

ಬ್ಲೇಡಿಗೆ ನೀರು ಬಿಡುವುದು ಬರೀ ತಂಪು ಮಾಡಲಿಕ್ಕೆ ಅಂತ ತುಂಬ ಜನ ತಿಳಿದಿದ್ದಾರೆ. ಮುಖ್ಯ ಕೆಲಸ ಬೇರೆ. ಬ್ಲೇಡಿನ ಹಲ್ಲುಗಳನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಬಗ್ಗಿಸಿರುತ್ತಾರಲ್ಲ, ಆ ಸೆಟ್ಟಿನಿಂದಲೇ ಹಲ್ಲು ಕೊಯ್ದ ದಾರಿಯಲ್ಲಿ ಬ್ಲೇಡಿನ ಮೈ ಮರಕ್ಕೆ ತಾಗದೆ ಓಡುವುದು. ಮೈಗೆ ಮೇಣ ಹಿಡಿದರೆ ಆ ಜಾಗ ಮುಚ್ಚಿಹೋಗುತ್ತದೆ. ಮೈ ಉಜ್ಜುತ್ತದೆ, ಬಿಸಿಯಾಗುತ್ತದೆ, ಹಲ್ಲಿನ ಅಂಚು ಹಿಗ್ಗಿ ಬಿಗಿ ಕಳೆದುಕೊಳ್ಳುತ್ತದೆ, ಆಮೇಲೆ ಬ್ಲೇಡ್ ತನಗೆ ತೋಚಿದ ಕಡೆ ಹೋಗುತ್ತದೆ. ಹಾಗಾಗಿ ಏನು ಬಿಡಬೇಕು ಅಂತ ಆರಿಸುವಾಗ ನಾನು ಕೇಳುವುದು ಒಂದೇ: ಇದು ಮೇಣ ಅಂಟಲಿಕ್ಕೆ ಬಿಡುತ್ತದಾ ಇಲ್ಲವಾ?

ಹೊಸದರಲ್ಲಿ ಹಳೆಯ ಮಿಲ್ಲಿನವರು ಡೀಸೆಲ್ ಹೇಳಿಕೊಟ್ಟಿದ್ದರು. ಡೀಸೆಲ್‌ಗೆ ಅಂಟು ಬಿಡುತ್ತದೆ, ಅದು ನಿಜ. ಆದರೆ ನಮ್ಮಂಥ ಸಣ್ಣ ಮಿಲ್ಲಿನಲ್ಲಿ ಬ್ಲೇಡ್ ಓಡುವುದು ರಬ್ಬರ್ ಬೆಲ್ಟ್ ಹಾಕಿದ ಚಕ್ರಗಳ ಮೇಲೆ. ಡೀಸೆಲ್ ತಾಗಿದ ರಬ್ಬರ್ ಉಬ್ಬುತ್ತದೆ, ಮೆತ್ತಗಾಗುತ್ತದೆ. ನನ್ನ ಒಂದು ಬೆಲ್ಟ್ ಹಾಗೇ ಹೋಯಿತು. ವಾಸನೆ ಬೇರೆ. ದೇವರ ಕೋಣೆಯ ಬಾಗಿಲಿಗೆ ಅಂತ ಕೊಯ್ದ ಹಲಗೆ ಡೀಸೆಲ್ ನಾತ ಹೊಡೆದರೆ ಯಾರಿಗೆ ಬೇಕು ಮಾರಾಯ್ರೆ? ಒಣ ಹುಡಿ, ಬಿಸಿ ಇಂಜಿನ್, ಪಕ್ಕದಲ್ಲೇ ಡೀಸೆಲ್ ಹನಿ, ಈ ಮೂರೂ ಒಂದೇ ಕಡೆ ಇರುವುದು ಸರಿಯಲ್ಲ. ನಾನು ಬಿಟ್ಟೆ, ನೀವೂ ಬಿಡಿ.

ಅಕೇಶಿಯಾಕ್ಕೆ, ಮಾವಿಗೆ ಬರೀ ನೀರು ಸಾಕು. ಅಂಟು ಸ್ವಲ್ಪ ಜಾಸ್ತಿ ಇದ್ದರೆ 10 ಲೀಟರ್ ಕ್ಯಾನಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕುತ್ತೇನೆ. ಸೋಪು ಹಾಕಿದ ನೀರು ಹನಿಯಾಗಿ ಉರುಳಿ ಹೋಗದೆ ಬ್ಲೇಡಿನ ಮೇಲೆ ಹರಡಿಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಬೇಡ, ನೊರೆ ಬಂದು ಹುಡಿ ಎಲ್ಲ ಹಿಟ್ಟಿನ ಹಾಗೆ ಕಲಸಿಕೊಳ್ಳುತ್ತದೆ. ಆ ಲಿಕ್ವಿಡ್‌ಗಳಲ್ಲಿ ಸಾಮಾನ್ಯವಾಗಿ ಉಪ್ಪಿನ ಅಂಶವೂ ಇರುತ್ತದೆ, ನಮ್ಮ ಕರಾವಳಿ ಗಾಳಿಗೆ ಮೊದಲೇ ಒಂದು ರಾತ್ರಿಯಲ್ಲಿ ತುಕ್ಕು ಬರುತ್ತದೆ.

ನೀರಿನ ಬಗ್ಗೆ ಇನ್ನೊಂದು. ಬಕೆಟಿನಲ್ಲಿ ಇಟ್ಟರೆ ಕೆಂಪು ಕೆನೆ ಕಟ್ಟುವ ಬಾವಿ ನೀರಿದೆಯಲ್ಲ, ಅದನ್ನು ಅಕೇಶಿಯಾಕ್ಕೆ ಬಿಡಬೇಡಿ. ಕಬ್ಬಿಣವೂ ಮರದ ಒಗರೂ ಸೇರಿದರೆ ಶಾಯಿಯಂಥ ಕಪ್ಪು ಕಲೆ. ಕಬ್ಬಿಣದ ಕತ್ತಿಯಲ್ಲಿ ಬಾಳೆಕಾಯಿ ಹೆಚ್ಚಿದರೆ ಕೈ ಕಪ್ಪಾಗುತ್ತದಲ್ವಾ, ಅದೇ.

ಹಲಸಿಗೆ ಮಾತ್ರ ಇದು ಯಾವುದೂ ಸಾಲಲಿಲ್ಲ. ಆ ದಿನ ಮನೆಗೆ ಬಂದಾಗ ಅಮ್ಮ ಹಿಂದಿನ ಜಗಲಿಯಲ್ಲಿ ಕೂತು ಹಲಸಿನ ಕಾಯಿ ಕೊರೆಯುತ್ತಿದ್ದರು. ಕೈಗೆ, ಮೆಟ್ಟುಕತ್ತಿಗೆ ಮೊದಲು ತೆಂಗಿನೆಣ್ಣೆ ಸವರಿಕೊಂಡರು. ಕತ್ತಿಯ ಅಲಗಿಗಲ್ಲ, ಎರಡೂ ಮೈಗೆ. ಬೆರಳಲ್ಲಿ ಮೇಲಿನಿಂದ ಕೆಳಗೆ ಒಂದೇ ಸಲ ಎಳೆದರು, ಅಷ್ಟೇ. ಹುಟ್ಟಿದಾಗಿನಿಂದ ನೋಡುತ್ತಾ ಬಂದದ್ದು ಅದು. ನಾನು ಕುಪ್ಪಿ ತೆಗೆದುಕೊಂಡು ಮರುದಿನ ಹೆಬ್ರಿಗೆ ಹೋದೆ.

ಬ್ಲೇಡನ್ನು ಮೊದಲು ಪೂರ್ತಿ ಕೆರೆದು ಒರೆಸಿದೆ. ಬ್ಲೇಡ್ ಆಚೀಚೆ ಹೋಗದ ಹಾಗೆ ಹಿಡಿಯುವ ಗೈಡಿನ ಪಕ್ಕದಲ್ಲಿ, ಬ್ಲೇಡ್ ಮರದೊಳಗೆ ಹೋಗುವ ಮೊದಲು, ಅದರ ಎರಡೂ ಮೈಗೆ ತಾಗುವ ಹಾಗೆ ದಪ್ಪ ಉಣ್ಣೆ ಬಟ್ಟೆಯ ಎರಡು ತುಂಡು ಕೂರಿಸಿ, ಎಣ್ಣೆ ಹನಿಸಿದೆ. ಪ್ರತಿ ಹಲಗೆಗೆ ನಾಲ್ಕೈದು ಹನಿ. ಉಳಿದ ಆ ಮರ ಪೂರ್ತಿ ಮುಗಿಯುವವರೆಗೂ ಬ್ಲೇಡ್ ಹೊಳೆಯುತ್ತಲೇ ಇತ್ತು, ಮತ್ತೆ ಒಂದು ಹಲಗೆಯೂ ಅಲೆ ಬರಲಿಲ್ಲ. ಇಡೀ ದಿನಕ್ಕೆ ಅರ್ಧ ಕುಪ್ಪಿ ಕೂಡ ಖಾಲಿಯಾಗಲಿಲ್ಲ, ಹಾಗಾಗಿ ಈಗಿನ ಎಣ್ಣೆ ರೇಟಿನಲ್ಲೂ ಒಂದು ಹಲಗೆ ಹಾಳಾಗುವುದಕ್ಕಿಂತ ಕಮ್ಮಿ ಖರ್ಚು.

ಬೇರೆ ಎಣ್ಣೆ ಆಗುವುದಿಲ್ಲವಾ ಅಂತ ಕೇಳುತ್ತಾರೆ. ಹೋಟೆಲಿನಲ್ಲಿ ಗೋಳಿಬಜೆ ಕರಿದು ಉಳಿದ ಎಣ್ಣೆ ಅಗ್ಗಕ್ಕೆ ಸಿಗುತ್ತದೆ, ನಾನೂ ತಂದು ನೋಡಿದ್ದೇನೆ. ಮತ್ತೆ ಮತ್ತೆ ಕಾದ ಎಣ್ಣೆ ತಾನೇ ಅಂಟಾಗುತ್ತದೆ. ಸೂರ್ಯಕಾಂತಿ ಎಣ್ಣೆಯೂ ಗಾಳಿಗೆ ಕ್ರಮೇಣ ಜಿಗುಟು ಪದರ ಕಟ್ಟುತ್ತದೆ. ತೆಂಗಿನೆಣ್ಣೆ ಹಾಗೆ ಒಣಗಿ ಕೂರುವುದಿಲ್ಲ, ಅದೇ ಅದರ ಗುಣ. ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಹಾಗಾಗಿ ಡಿಸೆಂಬರ್ ಬೆಳಿಗ್ಗೆ ಘಟ್ಟದ ಬುಡದ ಊರುಗಳಲ್ಲಿ ಕುಪ್ಪಿಯನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ಇಡಬೇಕು.

ನೀರಿಗೆ ನಾನು ಹಾಕಿದ್ದು ಅಡಿಕೆ ತೋಟದ ಡ್ರಿಪ್ ಪೈಪಿನ ಸಣ್ಣ ನಲ್ಲಿ. ಗಂಟೆಗೆ ನಾಲ್ಕು ಲೀಟರ್ ಸುಮಾರಿಗೆ ಬರುವ ಹಾಗೆ ತಿರುಗಿಸಿಡುತ್ತೇನೆ. ಹಲಗೆಯ ಮೇಲೆ ನೀರು ಹರಿಯುತ್ತಿದ್ದರೆ ಜಾಸ್ತಿಯಾಯಿತು ಅಂತ ಲೆಕ್ಕ. ಕೆಲಸ ಮುಗಿದ ಮೇಲೆ ಮರ ಕೊಯ್ಯದೆ ಸುಮ್ನೆ ಒಂದು 15 ಸೆಕೆಂಡ್ ನೀರು ಬಿಟ್ಟು ಓಡಿಸಿ, ಆಮೇಲೆ ಇಂಜಿನ್ ಆಫ್ ಮಾಡಿ, ಗ್ಲೌಸ್ ಹಾಕಿ ಬ್ಲೇಡ್ ಬಿಚ್ಚಿ ಒರೆಸಿ, ಎಣ್ಣೆ ಬಟ್ಟೆ ಎಳೆದು ತೂಗುಹಾಕಿ. ಓಡುವ ಬ್ಲೇಡಿಗೆ ಬಟ್ಟೆ ಹಿಡಿಯುವವರನ್ನು ನೋಡಿದ್ದೇನೆ, ಖಂಡಿತ ಬೇಡ.

ಹೆಬ್ರಿಯ ಮನೆಯವರು ಸಂಜೆ ಹಳದಿ ಹುಡಿಯನ್ನೆಲ್ಲ ಗೋಣಿಗೆ ತುಂಬಿಸಿ ಹಟ್ಟಿಗೆ ಕೊಂಡುಹೋದರು, ದನಗಳ ಕಾಲಡಿಗೆ ಹಾಕಲಿಕ್ಕೆ. "ಇದರಲ್ಲಿ ಡೀಸೆಲ್ ಇಲ್ಲ ಅಲ್ವಾ?" ಅಂತ ಮೊದಲೇ ಕೇಳಿಕೊಂಡಿದ್ದರು. ಒಂದು ಮುಷ್ಟಿ ತೆಗೆದು ಮೂಸಿ ನೋಡಿ, ತಲೆಯಾಡಿಸಿ, ಇನ್ನೊಂದು ಗೋಣಿ ತರಲಿಕ್ಕೆ ಒಳಗೆ ಹೋದರು.