ದಗು ಮುಗಿಯುವವರೆಗೆ

ಬೆಳಗಿನ ಐದೂವರೆಗೇ ಹಮದ್ ಇಲಾ ಹಳ್ಳಿ ಬಿಟ್ಟಿದ್ದೆವು. ಬಿಸಿಲೇರುವ ಮೊದಲು ದಲ್ಲೋಲ್‌ನ ಬಿಸಿನೀರಿನ ಬುಗ್ಗೆಗಳನ್ನು ಸೇರಿ, ಪರೀಕ್ಷೆಗೆ ನೀರು ತುಂಬಿಕೊಂಡು ಹತ್ತಕ್ಕೆಲ್ಲ ವಾಪಸಾಗಬೇಕು ಅನ್ನೋದು ನಮ್ಮ ಲೆಕ್ಕ. ಇಥಿಯೋಪಿಯಾದ ಈ ದನಕಿಲ್ ತಗ್ಗು ಸಮುದ್ರಮಟ್ಟಕ್ಕಿಂತ 100 ಮೀಟರಿಗೂ ಹೆಚ್ಚು ಕೆಳಗಿದೆ. ಜನವರಿಯಲ್ಲೂ ಹನ್ನೊಂದು ಗಂಟೆಗೆ ತಲೆ ಕಾದ ಹೆಂಚಾಗುತ್ತದೆ.

ಉಪ್ಪಿನ ಬಯಲಲ್ಲಿ ಎದುರಿಗೆ ಇಬ್ಬರು ಅಫಾರರು, ಅಂದರೆ ಈ ಸೀಮೆಯ ಜನ, ಜೊತೆಗೆ ನಾಲ್ಕು ಒಂಟೆ. ನಮ್ಮ ಮಾರ್ಗದರ್ಶಿ ಜೀಪು ನಿಲ್ಲಿಸಲು ಹೇಳಿ ಇಳಿದೇ ಬಿಟ್ಟ. ಕೈ ಹಿಡಿದುಕೊಂಡರು, ಕುಕ್ಕರುಗಾಲಲ್ಲಿ ಕೂತರು. ಒಬ್ಬ ಹೇಳುವುದು, ಇನ್ನೊಬ್ಬ ಹೂಂಗುಟ್ಟುವುದು, ಆಮೇಲೆ ಅದಲುಬದಲು. ಇದು ದಗು. ದಾರಿಯಲ್ಲಿ ಸಿಕ್ಕ ಅಫಾರರು ಕಂಡದ್ದು, ಕೇಳಿದ್ದು, ಮಳೆ, ಮೇವು, ಸಾವು, ಜಗಳ ಎಲ್ಲ ಒಪ್ಪಿಸಿಯೇ ಮುಂದೆ ಹೋಗಬೇಕು. ಸುಳ್ಳು ಸೇರಿಸುವಂತಿಲ್ಲ. ನಮ್ಮ ತಂಡದ ಹಿರಿಯರು ಗಡಿಯಾರ ನೋಡುತ್ತಲೇ ಇದ್ದರು. ನಾನು ಒಂಟೆಯ ಪಕ್ಕೆಗೆ ಕಟ್ಟಿದ್ದ ಆಡಿನ ಚರ್ಮದ ನೀರಿನ ಚೀಲ ನೋಡುತ್ತಿದ್ದೆ. ಕೂದಲು ಇನ್ನೂ ಅಂಟಿಕೊಂಡಿತ್ತು, ಹೊಲಿಗೆಯಲ್ಲಿ ಒಂದೊಂದೇ ಹನಿ ಕಟ್ಟುತ್ತಿತ್ತು.

ಇಪ್ಪತ್ತು ನಿಮಿಷದ ಮೇಲೆ ಮಾರ್ಗದರ್ಶಿ ಎದ್ದು ಬಂದ. ಬೆಟ್ಟದ ಕಡೆ ಮಳೆಯಾಗಿ ನೀರು ಇಳಿದಿದೆಯಂತೆ, ನಾವು ಹೊರಟಿದ್ದ ದಾರಿಯಲ್ಲಿ ಉಪ್ಪಿನ ಹೆಪ್ಪಳಿಕೆಯ ಕೆಳಗೆ ಬರೀ ಕೆಸರಂತೆ. ನಮ್ಮ ಬಳಿ ಇದ್ದ ಉಪಗ್ರಹ ಚಿತ್ರ ಮೂರು ವಾರ ಹಳೆಯದು. ಬಳಸುದಾರಿ ಹಿಡಿದೆವು. ಹಿರಿಯರು ಮಾತಾಡಲಿಲ್ಲ.

ದಲ್ಲೋಲ್‌ನಲ್ಲಿ ನೆಲ ಅರಿಸಿನದ ಬಣ್ಣ, ಹಳ್ಳಗಳಲ್ಲಿ ಪಾಚಿಹಸಿರು. ಗಂಧಕದ ವಾಸನೆ ಗಂಟಲು ಕೆರೆಯುತ್ತದೆ. ನಾನು ಕುಮಟಾ ಕಡೆಯವನು, ಸಾಣಿಕಟ್ಟೆಯ ಉಪ್ಪಿನಗದ್ದೆ ನೋಡಿ ಬೆಳೆದವನು. ಉಪ್ಪು ಅಂದರೆ ನನಗೆ ಗೊತ್ತು ಅಂದುಕೊಂಡಿದ್ದೆ. ಇಲ್ಲಿ ಮಾರ್ಗದರ್ಶಿ ಕೋಲಿನಿಂದ ನೆಲ ತಟ್ಟುತ್ತ ಮುಂದೆ ಹೋಗುತ್ತಿದ್ದ. ಟಣ್ ಅಂದರೆ ಹೆಜ್ಜೆ ಇಡು, ಡಬ್ ಅಂದರೆ ಸುತ್ತಿ ಬಾ.

ಮೂರು ಭೂಫಲಕಗಳು ಒಂದರಿಂದೊಂದು ದೂರ ಸರಿಯುತ್ತಿರುವ ಜಾಗ ಈ ಅಫಾರ್ ಸೀಮೆ. 2005ರಲ್ಲಿ ದಬ್ಬಾಹು ಬಳಿ ಸುಮಾರು 60 ಕಿ.ಮೀ. ಉದ್ದಕ್ಕೆ ನೆಲ ಬಿರಿದು, ಕೆಲವೆಡೆ 8 ಮೀಟರಿನಷ್ಟು ಅಗಲವಾಯಿತು. ದಲ್ಲೋಲ್‌ನಲ್ಲೂ ಆಳದ ಶಿಲಾಪಾಕದ, ಅಂದರೆ ಕರಗಿದ ಕಲ್ಲಿನ, ಕಾವಿಗೇ ನೀರು ಕುದಿದು, ಉಪ್ಪು, ಕಬ್ಬಿಣ, ಗಂಧಕ ಕರಗಿಸಿಕೊಂಡು ಮೇಲೆ ಬರುವುದು. ಆ ನೀರು ಎಷ್ಟು ಆಮ್ಲ ಎಂದು ಅಳೆಯಲೆಂದೇ ಪಿಎಚ್ ಮೀಟರಿನ ಗಾಜಿನ ಕಡ್ಡಿ ಅದ್ದಿದೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು. ಅಂಕಿ ಸೊನ್ನೆ ದಾಟಿ ಕೆಳಗಿಳಿಯಿತು, ಹಾರಾಡಿತು, ನಿಂತಿತು. ಆಮೇಲೆ ಕುಡಿಯುವ ನೀರಿಗೆ ಅದ್ದಿದರೂ ಅದೇ ಅಂಕಿ. ಇದ್ದದ್ದು ಅದೊಂದೇ ಕಡ್ಡಿ. ಬದಲಿ ಕಡ್ಡಿ ಮೆಕೆಲೆಯ ಹೋಟೆಲಿನಲ್ಲಿ ಬಿಟ್ಟುಬಂದವನು ನಾನೇ. ಮಾರ್ಗದರ್ಶಿ ಬಗ್ಗಿ ನೋಡಿ ನಾಲಿಗೆ ಲೊಚಗುಟ್ಟಿದ. ಮರಳುವಾಗ ಉಪ್ಪು ಕಡಿಯುವವರ ಹತ್ತಿರ ಮತ್ತೆ ಇಳಿದ, ಮತ್ತೆ ದಗು. ಈ ಸಲ ಯಾರೂ ಗಡಿಯಾರ ನೋಡಲಿಲ್ಲ.

ಮೂರು ದಿನದ ಮೇಲೆ ಬೆರಹಲೆಯ ಚಹಾದಂಗಡಿಯಲ್ಲಿ ಕೂತಿದ್ದಾಗ, ಯಾವತ್ತೂ ಕಂಡಿರದ ಮುದುಕನೊಬ್ಬ ನನ್ನನ್ನೇ ದಿಟ್ಟಿಸಿ ಏನೋ ಕೇಳಿದ. ಅಂಗಡಿಯವರೆಲ್ಲ ನಕ್ಕರು. ಮಾರ್ಗದರ್ಶಿ ಮುಜುಗರದಿಂದ ಅನುವಾದಿಸಿದ: “ಹಳದಿ ನೀರಿನಲ್ಲಿ ಗಾಜಿನ ಕಡ್ಡಿ ಸಾಯಿಸಿದವನು ನೀನೇನಾ ಅಂತ ಕೇಳ್ತಿದ್ದಾರೆ.”