ಸರದಿಗೊಂದು ಮಿತಿ

ಮಂಗಳೂರು, 18 ಜುಲೈ 2024, ಗುರುವಾರ

ಮಳೆ ಬಿಟ್ಟ ಮೇಲೂ ಬಿಜೈಯ ಕಚೇರಿಯಿಂದ ಏಳಲಾಗಲಿಲ್ಲ, ಕಾರ್ಕಳದ ಹುಡುಗ ರಸೀದಿ ಕಳುಹಿಸುವ ತಂತ್ರಾಂಶವನ್ನು ತೆರೆದು, "ಪೂಲ್‌ನ ಗರಿಷ್ಠ ಮಿತಿಯನ್ನು 50ಕ್ಕೆ ಏರಿಸಿದ್ದೇನೆ, ಆದರೂ ಕೆಲಸ ಮಾಡುತ್ತಿರುವುದು 10 ಥ್ರೆಡ್‌ಗಳು ಮಾತ್ರ, ಯಾಕೆ ಮಾರಾಯ್ರೆ?" ಎಂದು ಕೇಳಿದ್ದ. ಥ್ರೆಡ್ ಎಂದರೆ ತಂತ್ರಾಂಶದೊಳಗೆ ಒಮ್ಮೆಗೆ ಒಂದು ಕೆಲಸ ಮಾಡುವ ಆಳು, ಪೂಲ್ ಎಂದರೆ ಅಂಥ ಆಳುಗಳ ಗುಂಪು.

ಥ್ರೆಡ್‌ಗಳೆಲ್ಲ ತುಂಬಿದ ಮೇಲೆಯೇ ಕೆಲಸಗಳು ಸರದಿಗೆ ಹೋಗುತ್ತವೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪೂಲನ್ನು ನೋಡಿಕೊಳ್ಳುವ ಥ್ರೆಡ್‌ಪೂಲ್‌ಎಕ್ಸಿಕ್ಯೂಟರ್ ನಡೆಯುವ ಕ್ರಮವೇ ಬೇರೆ: ಮೂಲ ಸಂಖ್ಯೆಯಷ್ಟು (ಹುಡುಗನದರಲ್ಲಿ 10) ಥ್ರೆಡ್‌ಗಳಾದ ಮೇಲೆ ಬಂದ ಕೆಲಸವನ್ನು ಅದು ಸರದಿಗೆ ಹಾಕುತ್ತದೆ, ಸರದಿ ತುಂಬಿ ಜಾಗವಿಲ್ಲವೆಂದಾಗ ಮಾತ್ರ ಹೊಸ ಥ್ರೆಡ್ ಹುಟ್ಟಿಸುತ್ತದೆ. ಅವನು ಸರದಿಯಾಗಿ ಇಟ್ಟದ್ದು ಗಾತ್ರ ಹೇಳದ ಲಿಂಕ್ಡ್‌ಬ್ಲಾಕಿಂಗ್‌ಕ್ಯೂ. ಅದರ ಮಿತಿ 200 ಕೋಟಿಗೂ ಹೆಚ್ಚು, ತುಂಬುವ ಮೊದಲು ಮೆಮೊರಿಯೇ ಮುಗಿಯುತ್ತದೆ. ಹಾಗಾಗಿ ಆ 50ನ್ನು ಯಾರೂ ನೋಡುವುದೇ ಇಲ್ಲ. 2004ರಲ್ಲಿ ಜಾವಾ 5ರೊಂದಿಗೆ ಬಂದ ಈ ನಿಯಮ ದಾಖಲೆಯಲ್ಲಿ ಸ್ಪಷ್ಟವಾಗಿಯೇ ಇದೆ, ಆದರೆ ದಾಖಲೆ ಓದುವ ವ್ಯವಧಾನ ಯಾರಿಗಿದೆ?

"ಹಾಗಾದರೆ ಕ್ಯಾಶ್ಡ್ ಪೂಲ್ ಹಾಕಿದರಾಯಿತು" ಎಂದ. ಅದರಲ್ಲಿ ಕೆಲಸಗಳು ಕಾಯುವುದೇ ಇಲ್ಲ. ಬಿಡುವಿರುವ ಥ್ರೆಡ್ ಸಿಗದಿದ್ದರೆ ಪ್ರತಿ ಕೆಲಸಕ್ಕೂ ಹೊಸದೊಂದು ಹುಟ್ಟುತ್ತದೆ, 60 ಸೆಕೆಂಡು ಸುಮ್ಮನಿದ್ದರೆ ಸಾಯುತ್ತದೆ. ಬೆನ್ನಿಗಿರುವ ಡೇಟಾಬೇಸ್, ಅಂದರೆ ಮಾಹಿತಿಯ ಉಗ್ರಾಣ, ಕೊಡುವ ಸಂಪರ್ಕಗಳು 20 ಮಾತ್ರ ಇರುವಾಗ ಸಾವಿರ ಥ್ರೆಡ್‌ಗಳು ಹುಟ್ಟಿ ಮಾಡುವುದೇನು? ಅಲ್ಲಿಯೂ ಕಾಯಲೇಬೇಕು, ಕಾಯುವ ಜಾಗ ಮಾತ್ರ ಬೇರೆ. ಜಾವಾ 21ರ ಹಗುರ ಆಳುಗಳಾದ ವರ್ಚುವಲ್ ಥ್ರೆಡ್‌ಗಳ ಮಾತೂ ಬಂತು. ಅವು ಅಗ್ಗ, ಅವುಗಳಿಗೆ ಪೂಲ್ ಕಟ್ಟಬಾರದು ಎಂಬುದೂ ಸರಿ, ಆದರೆ ಡೇಟಾಬೇಸಿನ ಬಾಗಿಲು ಅದರಿಂದ ಅಗಲವಾಗುವುದಿಲ್ಲ, ಒಮ್ಮೆಗೆ ಇಷ್ಟೇ ಮಂದಿ ಒಳಗೆ ಎಂದು ತಡೆಯುವ ಒಂದು ಸೆಮಾಫೋರ್ ಆದರೂ ಬೇಕು.

ಸರದಿಗೆ ಮಿತಿ ಹಾಕಿ ಕಾಲರ್‌ರನ್ಸ್ ನೀತಿಯನ್ನು ಇಡಬೇಕೆಂಬುದು ನನ್ನ ಹಟ. ಸರದಿಯೂ ಥ್ರೆಡ್‌ಗಳೂ ತುಂಬಿದಾಗ ಕೆಲಸ ತಂದವನೇ ಅದನ್ನು ಮಾಡಬೇಕು; ಅಷ್ಟು ಹೊತ್ತು ಅವನು ಇನ್ನೊಂದನ್ನು ತರಲಾರ, ಒತ್ತಡ ತಾನಾಗಿ ಇಳಿಯುತ್ತದೆ. ಆದರೆ ಹೊರಗಿನ ಕೋರಿಕೆಗಳನ್ನು ಸ್ವೀಕರಿಸುವ ಥ್ರೆಡ್ಡೇ ಆ ತಂದವನಾದರೆ ಮುಂಬಾಗಿಲೇ ಮುಚ್ಚಿದಂತಾಗುತ್ತದೆ ಎಂದು ಹುಡುಗ ತಟ್ಟನೆ ಹೇಳಿದ. ಒಪ್ಪಬೇಕಾದ ಮಾತು. ಬಹಳ ಖುಷಿಯಾಯಿತು, ಸ್ವಲ್ಪ ಸಿಟ್ಟೂ ಬಂತು.

ಈಗ ಊಟವಾದ ಮೇಲೂ ತಲೆಯಲ್ಲಿ ಅದೇ ಲೆಕ್ಕ. ಒಂದು ರಸೀದಿಗೆ 200 ಮಿಲಿಸೆಕೆಂಡು ಹಿಡಿದರೆ 10 ಥ್ರೆಡ್‌ಗಳು ಸೆಕೆಂಡಿಗೆ 50 ಮುಗಿಸುತ್ತವೆ; ಸರದಿಯ ಮಿತಿ 1000 ಎಂದಿಟ್ಟರೆ ಕೊನೆಯದಕ್ಕೆ 20 ಸೆಕೆಂಡು ಕಾಯುವಿಕೆ. ಕೌಂಟರಿನಲ್ಲಿ ನಿಂತವರು ಅಷ್ಟು ಹೊತ್ತು ಕಾಯುತ್ತಾರೆಯೇ, ಅಥವಾ ಇನ್ನೊಮ್ಮೆ ಗುಂಡಿ ಒತ್ತುತ್ತಾರೆಯೇ? ಒತ್ತಿದರೆ ಸರದಿಗೆ ಅದೇ ರಸೀದಿ ಎರಡನೆಯ ಸಲ ಸೇರುತ್ತದೆ, ಆಗ ಈ 1000ದಲ್ಲಿ ನಿಜವಾದ ಕೆಲಸಗಳು ಎಷ್ಟು ಎಂಬುದನ್ನು...