ಇಷ್ಟು ವರ್ಷ ಹಿಡಿದಿದೆ ಅಂದ ಮಾತ್ರಕ್ಕೆ

ಬಂಡೆ ಹತ್ತೋದನ್ನು ಕಲಿಸುವುದು ನನ್ನ ಕೆಲಸ. ಯಾದಗಿರಿ ಸುತ್ತಮುತ್ತ ಗ್ರಾನೈಟ್ ಬಂಡೆಗೆ ಬರವಿಲ್ಲ. ಇದಕ್ಕೂ ಮೊದಲು ಕಲಬುರಗಿಯ ಒಂದು ಫ್ಯಾಬ್ರಿಕೇಶನ್ ಶಾಪ್‌ನಲ್ಲಿ ಗೇಟು, ಗ್ರಿಲ್ ಮಾಡುತ್ತಿದ್ದೆ. ಬಂಡೆಯ ಮೇಲೆ ಯಾರೋ ಕೈಯಾರೆ ಮಾಡಿ ಹಾಕಿದ ಹಳೇ ಹ್ಯಾಂಗರ್ ಕಂಡಾಗೆಲ್ಲ ಆ ಶಾಪ್‌ನಲ್ಲಿ ಕಲಿತದ್ದೇ ಕೆಲಸಕ್ಕೆ ಬರುತ್ತದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಂಡೆಯಲ್ಲಿ ತೂತು ಕೊರೆದು ಬೋಲ್ಟ್ ಕೂರಿಸುತ್ತಾರೆ. ಅದಕ್ಕೆ ನಟ್ ಹಾಕಿ ಬಿಗಿಯುವ ಬಗ್ಗಿಸಿದ ಪಟ್ಟಿಯೇ ಹ್ಯಾಂಗರ್. ಪಟ್ಟಿಯ ಕಣ್ಣಿಗೆ ಕ್ಯಾರಬಿನರ್ ಅನ್ನುವ ತೆರೆದು ಮುಚ್ಚುವ ಲೋಹದ ಕೊಂಡಿ, ಅದಕ್ಕೆ ಹಗ್ಗ, ಹಗ್ಗದಲ್ಲಿ ಮನುಷ್ಯ. ಕಂಪನಿಯ ಹ್ಯಾಂಗರ್ ಆದರೆ ಮೇಲೆ ಮುದ್ರೆ ಇರುತ್ತದೆ. ಪರ್ವತಾರೋಹಣದ ಅಂತರರಾಷ್ಟ್ರೀಯ ಒಕ್ಕೂಟವಾದ ಯುಐಎಎಯ ಮಾನದಂಡದ ಪ್ರಕಾರ ಕೆಳಮುಖ ಎಳೆತಕ್ಕೆ ಕನಿಷ್ಠ 25 ಕಿಲೋನ್ಯೂಟನ್ ತಡೆಯಬೇಕು. ಅಂದರೆ ಸುಮಾರು 2,500 ಕೆಜಿ ಭಾರ. ಕೈಯಾರೆ ಮಾಡಿದ್ದರ ಮೇಲೆ ಏನೂ ಬರೆದಿರುವುದಿಲ್ಲ.

ಮಾಡಿದವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಈ ಆಟದ ಬೋಲ್ಟುಗಳೇ ಕಟ್ಟಡ ಕೆಲಸದಿಂದ ಬಂದವು. 1939ರಲ್ಲಿ ಅಮೆರಿಕದ ಶಿಪ್‌ರಾಕ್ ಬಂಡೆಬೆಟ್ಟ ಹತ್ತಿದ ತಂಡ ತೂತಿನೊಳಗೆ ಹಿಗ್ಗಿ ಕಚ್ಚಿಕೊಳ್ಳುವ ಎಕ್ಸ್‌ಪಾನ್ಷನ್ ಬೋಲ್ಟ್ ಬಳಸಿತ್ತು. ಆಮೇಲೂ ಬಹಳ ಕಾಲ, ಬಹಳ ಊರುಗಳಲ್ಲಿ, ಹ್ಯಾಂಗರ್ ಬೇಕಾದವರು ಎಲ್ ಆಂಗಲ್ ಕತ್ತರಿಸಿ, ಎರಡು ತೂತು ಹೊಡೆದು ತಾವೇ ಮಾಡಿಕೊಂಡರು. ನಾನು ಬಿಚ್ಚಿದ ಒಂದರ ಕಣ್ಣಿನ ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದ್ದರು. ಕ್ಯಾರಬಿನರ್‌ಗೆ ಗಾಯ ಆಗಬಾರದು ಅಂತ ಒಬ್ಬರು ಕೂತು ಉಜ್ಜಿದ್ದಾರೆ. ಅದು ಒಳ್ಳೆ ಕೆಲಸಗಾರನ ಕೈ.

ಆದರೂ ಅದನ್ನು ಬಿಚ್ಚಲೇಬೇಕಿತ್ತು. ಮುಂದಿನಿಂದ ನೋಡಿದರೆ ತುಕ್ಕು ತಡೆಯಲು ಬಳಿದ ರೆಡ್ ಆಕ್ಸೈಡ್ ಪೇಂಟ್ ಇನ್ನೂ ಗಟ್ಟಿಯಾಗಿ ಕೂತಿತ್ತು. ನಟ್ ತೆಗೆದು ಪಟ್ಟಿ ತಿರುಗಿಸಿದೆ. ಹಿಂಬದಿಯಲ್ಲಿ ತುಕ್ಕು ಪದರು ಪದರಾಗಿ ಎದ್ದು ಉಗುರಿಗೇ ಕಿತ್ತು ಬಂತು. ಬೋಲ್ಟಿನ ತೂತಿನ ಸುತ್ತ ದಪ್ಪ ಅರ್ಧಕ್ಕೆ ಇಳಿದಿತ್ತು. ಬಂಡೆಗೂ ಪಟ್ಟಿಗೂ ನಡುವೆ ಮಳೆನೀರು ಇಳಿದರೆ ಬೇಗ ಒಣಗುವುದಿಲ್ಲ. ನಮ್ಮ ಕಡೆ ಬಿಸಿಲು ಎಷ್ಟೇ ಇರಲಿ, ಆ ಸಂದಿಗೆ ಬಿಸಿಲು ತಾಗುವುದಿಲ್ಲ.

ನಾನು ಮೊದಲು ನೋಡುವುದು ಪಟ್ಟಿ ಬಗ್ಗಿದ ಜಾಗ. ಎಂಎಸ್, ಅಂದರೆ ಮೈಲ್ಡ್ ಸ್ಟೀಲ್ ಪಟ್ಟಿಯನ್ನು ವೈಸ್‌ಗೆ ಕಚ್ಚಿಸಿ ಸುತ್ತಿಗೆಯಲ್ಲಿ ಹೊಡೆದು ಚೂಪಾಗಿ ಬಗ್ಗಿಸಿದರೆ ಹೊರಮೈ ಎಳೆದಂತಾಗಿ ಕೂದಲಿನಷ್ಟು ಸಣ್ಣ ಸೀಳು ಬೀಳಬಹುದು. ಗೇಟಿನಲ್ಲಾದರೆ ನಡೆಯುತ್ತದೆ, ಅಲ್ವಾ? ಇಲ್ಲಿ ನಡೆಯುವುದಿಲ್ಲ. ಪೇಂಟ್ ಆ ಸೀಳನ್ನು ಮುಚ್ಚಿಬಿಡುತ್ತದೆ. ಆಮೇಲೆ ಪಟ್ಟಿಯ ಕಣ್ಣಿನಿಂದ ಅಂಚಿಗೆ ಎಷ್ಟು ಲೋಹ ಉಳಿದಿದೆ ಅಂತ ನೋಡುತ್ತೇನೆ. ಅಲ್ಯೂಮಿನಿಯಂ ಪಟ್ಟಿಗೆ ಸ್ಟೀಲ್ ಬೋಲ್ಟ್ ಹಾಕಿದ್ದರೆ ಇನ್ನೊಂದು ತೊಂದರೆ. ಎರಡು ಲೋಹ ತೇವದಲ್ಲಿ ಕೂಡಿದರೆ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ, ಸುತ್ತ ಬಿಳಿ ಪುಡಿ ಕಾಣುತ್ತದೆ.

ಇಷ್ಟೆಲ್ಲ ಕಣ್ಣಿಗೆ ಕಾಣುವ ಭಾಗ. ಒಳಗಿನ ಬೋಲ್ಟ್ ಎಷ್ಟು ಉದ್ದ ಇದೆ ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲ. ಹಳೇ ಸೆಲ್ಫ್ ಡ್ರೈವ್ ಆ್ಯಂಕರ್‌ಗಳು (ಬೋಲ್ಟ್ ತಿರುಗಿಸಲು ಮೊದಲು ತೂತಿನಲ್ಲಿ ಕೂರಿಸುವ ಟೊಳ್ಳು ಕೊಳವೆಗಳು) ಬಂಡೆಯೊಳಗೆ ಹೋಗುತ್ತಿದ್ದದ್ದು 30 ಮಿ.ಮೀ. ಮಾತ್ರ. ಅದರೊಳಗೆ ತಿರುಗುವುದು 8 ಮಿ.ಮೀ. ಬೋಲ್ಟ್.

ಒಮ್ಮೆ ಹೊಸದಾಗಿ ಸೇರಿದ ಹುಡುಗ ಕೇಳಿದ: "ಸರ, ಇದು ಇಷ್ಟ್ ವರ್ಷ ಹಿಡ್ಕೊಂಡದ್ರಿ. ಇವತ್ತೇ ಯಾಕ ಬಿಡ್ತದ?" ಕೇಳಬೇಕಾದ ಪ್ರಶ್ನೆಯೇ ಅದು. ಸುಮ್ನೆ ಜೋತು ಬಿದ್ದರೆ ಅದರ ಮೇಲೆ ಬೀಳುವುದು ಅವನ ಮೈತೂಕ ಅಷ್ಟೇ. ಹಗ್ಗ ಎಳೆದುಕೊಂಡು ಮೇಲೆ ಹೋಗುವಾಗ ಬಿದ್ದರೆ ಲೆಕ್ಕವೇ ಬೇರೆ. ಬಿದ್ದವನ ಕಡೆಯ ಎಳೆತದ ಜೊತೆ ಕೆಳಗೆ ಹಗ್ಗ ಹಿಡಿದವನ ಕಡೆಯ ಎಳೆತವೂ ಸೇರುತ್ತದೆ. ಆ ಹ್ಯಾಂಗರ್ ಮೇಲೆ ಬೀಳುವ ಹೊರೆ ಬಿದ್ದವನ ಕಡೆಯದರ ಒಂದೂವರೆಯಷ್ಟಕ್ಕಿಂತಲೂ ಜಾಸ್ತಿ ಆಗುತ್ತದೆ. ಇಷ್ಟು ವರ್ಷ ಅದು ಹಿಡಿದದ್ದು ಯಾವ ಹೊರೆಯನ್ನು? ಯಾರಿಗೂ ಗೊತ್ತಿಲ್ಲ. ಜೋತು ಬಿದ್ದು ಪರೀಕ್ಷೆ ಮಾಡುವುದನ್ನು ನಮ್ಮಲ್ಲಿ ಬಿಡಿಸಿದ್ದು ಇದಕ್ಕೇ.

ಬಿಚ್ಚುವಾಗ ನಾವು ಆ ಹ್ಯಾಂಗರ್‌ಗೆ ನಮ್ಮನ್ನು ಕಟ್ಟಿಕೊಳ್ಳುವುದಿಲ್ಲ. ಮೇಲೆ ದೊಡ್ಡ ಗುಂಡು ಅಥವಾ ಗಟ್ಟಿ ಮರಕ್ಕೆ ಬೇರೆ ಹಗ್ಗ ಕಟ್ಟಿ ಇಳಿಯುತ್ತೇವೆ. ಮೊದಲು ಸುತ್ತಿಗೆಯಿಂದ ಸುತ್ತಲಿನ ಕಲ್ಲು ತಟ್ಟಿ ನೋಡುತ್ತೇವೆ. ಟೊಳ್ಳು ಸದ್ದು ಬಂದರೆ ಆ ಜಾಗವನ್ನೇ ಬಿಡುವುದು. ಕಲ್ಲು ಗಟ್ಟಿ ಇದ್ದರೆ ಹಳೇ ಬೋಲ್ಟ್ ಎಳೆದು ತೆಗೆದು, ಅದೇ ತೂತನ್ನು ದೊಡ್ಡದಾಗಿ, ಆಳವಾಗಿ ಕೊರೆದು ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟು, ಹ್ಯಾಂಗರ್ ಎರಡನ್ನೂ ಹಾಕುತ್ತೇವೆ. ಒಂದು ಸ್ಟೇನ್‌ಲೆಸ್, ಇನ್ನೊಂದು ಸಾದಾ ಆಗಬಾರದು. ಬೋಲ್ಟ್ ಬರದೇ ಹೋದರೆ ಮಟ್ಟಕ್ಕೆ ಕತ್ತರಿಸಿ, ಎಪಾಕ್ಸಿ ಅಂಟಿಗೆ ಅಲ್ಲಿನದೇ ಕಲ್ಲಿನ ಪುಡಿ ಬೆರೆಸಿ ಮುಚ್ಚುತ್ತೇವೆ. ಸುತ್ತಿಗೆಯಿಂದ ಬಡಿದು ಮುರಿದು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬಂಡೆಯಲ್ಲಿ ಮುರಿದ ಮೊನೆ ಉಳಿಯುತ್ತದೆ, ತೂತು ಹಾಳಾಗುತ್ತದೆ, ಪಕ್ಕದಲ್ಲಿ ಇನ್ನೊಂದು ಕೊರೆಯಬೇಕಾಗುತ್ತದೆ.

ಕೋಟೆ ಬೆಟ್ಟದ ಗೋಡೆ, ಶಾಸನ, ಗುಡಿ ಇರುವ ಕಡೆ ಡ್ರಿಲ್ ಚೀಲದಿಂದ ಹೊರಗೇ ಬರುವುದಿಲ್ಲ. ಅದಕ್ಕೆ ಚರ್ಚೆ ಬೇಡ.

ಬಿಚ್ಚಿದ ಪಟ್ಟಿಗಳನ್ನು ಗುಜರಿಗೆ ಹಾಕಿಲ್ಲ. ಯಾವ ಬಂಡೆ, ಎಷ್ಟನೇ ಬೋಲ್ಟ್, ತೆಗೆದ ತಾರೀಕು ಅಂತ ಪೇಂಟ್ ಪೆನ್ನಿನಲ್ಲಿ ಬರೆದು ಡಬ್ಬಿಯಲ್ಲಿ ಇಟ್ಟಿದ್ದೇನೆ. ಹೊಸ ಬ್ಯಾಚ್ ಬಂದಾಗ ಹಗ್ಗ ಮುಟ್ಟುವ ಮೊದಲು ಅವರ ಕೈಗೆ ಕೊಡುವುದು ಇದನ್ನೇ. ಮುಂದಿನಿಂದ ನೋಡಿ ಯಾವುದು ಗಟ್ಟಿ ಅಂತ ಹೇಳಿಸುತ್ತೇನೆ, ಆಮೇಲೆ ತಿರುಗಿಸಿ ನೋಡಲು ಹೇಳುತ್ತೇನೆ.